ಹೊಳೆ ಬಂದ ವರ್ಷದ ಹಾಲು

ನಮ್ಮ ಅತ್ತೆಯ ಅಂಗೈ ಮುಟ್ಟಿದರೆ ಯಾವುದೋ ಸಾಹುಕಾರರ ಮನೆಯ ಹೆಣ್ಣುಮಗಳಿರಬೇಕು ಅನ್ನಿಸುತ್ತಿತ್ತು, ಅಷ್ಟು ಮೆತ್ತಗೆ. ಹಿಮ್ಮಡಿ ನೋಡಿದರೆ ಮಾತ್ರ ಬೇಸಿಗೆಯ ಎರೆ ಹೊಲ. ಒಂದೊಂದು ಬಿರುಕಿನಲ್ಲಿ ಜೋಳದ ಕಾಳು ನಿಲ್ಲಿಸಬಹುದಿತ್ತು. ದಿನಕ್ಕೆರಡು ಹೊತ್ತು ಕುರಿಯ ಕೆಚ್ಚಲು ಹಿಡಿದ ಕೈಗೆ ಹಾಲಿನ ಜಿಡ್ಡು, ಉಣ್ಣೆಯ ಜಿಡ್ಡು ಎರಡೂ ಹತ್ತಿ ಚರ್ಮ ಹಾಗಾಗಿತ್ತು. ಕಾಲಿಗೆ ಯಾವ ಜಿಡ್ಡೂ ಮುಟ್ಟಲಿಲ್ಲ. ಇಂಡಿ ತಾಲ್ಲೂಕಿನ ಹೊರ್ತಿ, ಸಿಂದಗಿಯ ಮೋರಟಗಿ, ಅಲ್ಲಿಂದ ಬಸವನ ಬಾಗೇವಾಡಿ ಸೀಮೆ ದಾಟಿ ಮುದ್ದೇಬಿಹಾಳದ ಹೊಳೆದಂಡೆಯ ತಂಗಡಗಿ, ಹೀಗೆ ವರ್ಷವಿಡೀ ಹಿಂಡಿನ ಹಿಂದೆ ನಡೆದ ಕಾಲು ಅದು.

ನಾನು ಬಾಗೇವಾಡಿ ಕಡೆಯವಳು. ನಮ್ಮಪ್ಪನ ಕಾಲಕ್ಕೇ ನಮ್ಮ ಮನೆಯಲ್ಲಿ ಕುರಿ ಹೋಗಿ ಒಕ್ಕಲುತನ ಬಂದಿತ್ತು. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸು ಮಾಡಿದ್ದೆ. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹುಡುಗಿ ಬೇರೆ ಇರಲಿಲ್ಲ. ಎಪ್ಪತ್ತರ ದಶಕ ಶುರುವಾಗುವ ಹೊತ್ತಿಗೆ, ಹಳೆಯ ಬೀಗತನ ಬಿಡಬಾರದೆಂದು, ತಂಗಡಗಿ ಹತ್ತಿರದ ಒಂದು ಹಳ್ಳಿಯ ಕುರಿ ಮನೆತನಕ್ಕೆ ನನ್ನನ್ನು ಕೊಟ್ಟರು. ಮಾವ ತೀರಿಕೊಂಡಿದ್ದರು. ಹಿಂಡು, ಮಗ, ಈಗ ಬಂದ ಸೊಸೆ, ಮೂರಕ್ಕೂ ಅತ್ತೆಯೇ ಯಜಮಾನತಿ.

ಊರಲ್ಲಿ ಮನೆ ಇತ್ತು ಅನ್ನುವುದು ಹೆಸರಿಗಷ್ಟೇ. ವರ್ಷದ ಹೆಚ್ಚು ದಿನ ಅದಕ್ಕೆ ಕೀಲಿ. ನಾವು ಇಂದು ಒಬ್ಬರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿದರೆ ನಾಳೆ ಇನ್ನೊಬ್ಬರ ಹೊಲ. ನಾಲ್ಕು ಗೂಟಕ್ಕೆ ಕಂಬಳಿ ಕಟ್ಟಿದರೆ ಅದೇ ಮನೆ. ನಾಲ್ಕೂ ದಿಕ್ಕಿಗೆ ಬಯಲಿರುವಾಗ ಸಿಕ್ಕಿಬಿದ್ದದ್ದು ಹೇಗೆ ಎಂದು ಕೇಳಿದರೆ ಹೇಳುವುದು ಕಷ್ಟ. ಹಿಂಡು ಎದ್ದರೆ ಏಳಬೇಕು, ಹಿಂಡು ನಿಂತರೆ ನಿಲ್ಲಬೇಕು. ತವರಿಗೆ ಹೋಗಬೇಕೆಂದರೆ ಕುರಿ ಯಾರು ನೋಡಬೇಕು? ಜ್ವರ ಬಂದರೆ ನಡೆಯುತ್ತಲೇ ಜ್ವರ. ಬಾಗಿಲು ಹಾಕಿಕೊಂಡು ಅಳುವುದಕ್ಕೂ ಒಂದು ಬಾಗಿಲು ಬೇಕಲ್ಲ. ನಾನು ಕುರಿಯ ಮರೆಗೆ ಕೂತು ಅಳುತ್ತಿದ್ದೆ. ಅದೂ ಅತ್ತೆಗೆ ಗೊತ್ತಾಗುತ್ತಿತ್ತು.

"ಏ ಸಾಲಿ ಹುಡಿಗಿ, ಕಣ್ಣೀರು ಬಿದ್ರ ಉಣ್ಣೆ ಉಪ್ಪಾಗ್ತೈತಿ. ಏಳು, ಮರಿ ಬಿಡು," ಎನ್ನುತ್ತಿದ್ದರು. ಅದರಲ್ಲಿ ಕನಿಕರ ಇತ್ತೋ ಕುಚೇಷ್ಟೆ ಇತ್ತೋ ನನಗೆ ಆಗ ತಿಳಿಯುತ್ತಿರಲಿಲ್ಲ.

ಅವರಿಗೆ ಹಾಲೆಂದರೆ ದಿನಾ ಒಂದೇ ಹಾಲಲ್ಲ. ಹಿಂಡುವಾಗ ಒಂದು ಹನಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಬಿಟ್ಟುಕೊಂಡು ಕೈ ಓರೆ ಮಾಡುತ್ತಿದ್ದರು. ಹನಿ ಸರ್ರನೆ ಜಾರಿದರೆ ಒಂದು ಮಾತು, ತಡೆದು ತಡೆದು ಜಾರಿದರೆ ಇನ್ನೊಂದು. "ಹಾಲು ಕೆಚ್ಚಲದಾಗ ಇರೂದಿಲ್ಲ, ಬಾಯಾಗ ಇರ್ತೈತಿ," ಅನ್ನುವುದು ಅವರ ನಿತ್ಯದ ಮಾತು. ಕುರಿ ಏನು ತಿಂದಿತೋ ಅದೇ ಹಾಲು. ಹೊರ್ತಿ ಕಡೆ ಕುಸುಬೆಯ ಎಳೆ ಸೊಪ್ಪು ಸಿಕ್ಕ ದಿನಗಳಲ್ಲಿ ತೆಗೆದ ಬೆಣ್ಣೆ ಬೆರಳಿಗೆ ನಿಲ್ಲದಷ್ಟು ಮೆತ್ತಗೆ. ಬಾಗೇವಾಡಿ ಸೀಮೆಯಲ್ಲಿ ಹತ್ತಿ ಬಿಡಿಸಿದ ಹೊಲ ಹೊಕ್ಕ ಮೇಲೆ ಅದೇ ಬೆಣ್ಣೆ ಗಟ್ಟಿ. ಹಸಿ ಹುಲ್ಲಿಗೆ ಹಾಲು ಉಕ್ಕುತ್ತದೆ, ಆದರೆ ನೀರು ನೀರು. ಒಣ ಮೇವಿಗೆ ಹಾಲು ಇಳಿಯುತ್ತದೆ, ಆದರೆ ದಪ್ಪ. ಹೊಸದಾಗಿ ಈದ ಕುರಿಯದ್ದು ಗಿಣ್ಣು ಹೋದ ಮೇಲೆ ತೆಳು. ಮರಿ ದೊಡ್ಡದಾದಂತೆ ಹಾಲು ಕಡಿಮೆಯಾಗಿ ಜಿಡ್ಡು ಏರುತ್ತದೆ. ಒಂದೇ ಕುರಿಯ ಒಂದೇ ಹೊತ್ತಿನ ಹಾಲಿನಲ್ಲೂ ಮೊದಲು ಬಂದದ್ದು ತೆಳು, ಕಡೆಗೆ ಜಗ್ಗಿ ಜಗ್ಗಿ ತೆಗೆದದ್ದು ಕೆನೆಯಂಥದ್ದು.

ಇವೆಲ್ಲ ಕುರಿ ಸಾಕುವ ಎಷ್ಟೋ ಹೆಂಗಸರಿಗೆ ಗೊತ್ತಿದ್ದ ಸಂಗತಿಗಳೇ. ನನಗೆ ಮಾತ್ರ ಕುರಿ ಹಾಲಿನ ವಾಸನೆಯೇ ಆಗುತ್ತಿರಲಿಲ್ಲ. ಮೂಗು ಮುಚ್ಚಿ ಕುಡಿದರೂ ಗಂಟಲಲ್ಲಿ ನಿಲ್ಲುತ್ತಿತ್ತು.

ಮದುವೆಯಾದ ವರ್ಷವೇ ಬಸುರಾದೆ. ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಬಾಣಂತನದ ಆ ತಿಂಗಳುಗಳಲ್ಲಿ ಬಾಗಿಲಿರುವ ಮನೆಯಲ್ಲಿ ಮಲಗಿ ಏಳುತ್ತಿದ್ದ ಸುಖವನ್ನು ನಾನು ಇಂದಿಗೂ ಮರೆತಿಲ್ಲ. ಗಂಡ ಕರೆಯಲು ಬಂದಾಗ ಬೇಸಿಗೆಯ ಕೊನೆ. ಹಿಂಡು ಎಲ್ಲಿದೆ ಎಂದು ಕೇಳಿದೆ.

"ಹೊಳಿ ನಡುಗಡ್ಡ್ಯಾಗ," ಎಂದರು. "ಈ ವರ್ಷ ಎಲ್ಲೂ ಮೇವಿಲ್ಲ. ಅಲ್ಲಿ ಹಸಿ ಐತಿ."

ತಂಗಡಗಿಯಿಂದ ಸ್ವಲ್ಪ ದೂರದಲ್ಲಿ ಕೃಷ್ಣೆ ಎರಡಾಗಿ ಒಡೆದು ಮತ್ತೆ ಕೂಡುವ ಜಾಗದಲ್ಲಿ ಆ ನಡುಗಡ್ಡೆ ಇತ್ತು. ಬೇಸಿಗೆಯಲ್ಲಿ ಒಂದು ಕಡೆ ಮೊಣಕಾಲುದ್ದ ನೀರು. ಕುರಿಗಳು ತಲೆ ಎತ್ತಿಕೊಂಡು ದಾಟುತ್ತಿದ್ದವು. ಕೂಸನ್ನು ಎತ್ತಿಕೊಂಡು ನಾನೂ ಹಾಗೆಯೇ ದಾಟಿದೆ. ಕೆಳಗೆ ಮರಳು, ನಡುವೆ ಹುಲ್ಲು, ಒಂದು ತುದಿಯಲ್ಲಿ ದಿಬ್ಬ, ದಿಬ್ಬದ ಮೇಲೆ ಜಾಲಿ ಮರಗಳು. ಪ್ರತಿವರ್ಷ ಮುಂಗಾರು ಶುರುವಿನ ಮಿರಗದ ಮಳೆ ಬೀಳುವ ಮೊದಲೇ ಎಲ್ಲರೂ ಅಲ್ಲಿಂದ ಹಿಂಡು ಹೊರಡಿಸುವುದು ವಾಡಿಕೆ. ಆ ವರ್ಷ ಮಿರಗ ಹೋಯಿತು, ಆರಿದ್ರಿ ಹೋಯಿತು, ಮುಗಿಲಲ್ಲಿ ಬೆಳ್ಳನೆ ಮೋಡ ಬಿಟ್ಟರೆ ಏನೂ ಇಲ್ಲ. ಬೇರೆ ಹಿಂಡಿನವರು ಆದರೂ ದಾಟಿಕೊಂಡು ಹೋದರು.

"ನಾವೂ ದಾಟೂಣು ಯವ್ವಾ," ಎಂದರು ನನ್ನ ಗಂಡ.

"ದಾಟಿ ಏನ್ ತಿನಸ್ತಿ? ಕಲ್ಲು?" ಎಂದರು ಅತ್ತೆ. "ಇನ್ನೊಂದೀಟು ದಿನಾ ಇರೂಣು. ಹಿಂಡ ಒಂದೀಟು ಮೈ ಹಿಡೀಲಿ."

ಅಷ್ಟೇ. ಆ ಮಾತಿನ ಮೇಲೆ ನಾವು ಉಳಿದೆವು.

ಹಿಟ್ಟು ಮುಗಿಯುತ್ತ ಬಂದಿದ್ದರಿಂದ ಒಂದು ಬೆಳಿಗ್ಗೆ ಗಂಡ ಜೋಳ ಬೀಸಿಸಿಕೊಂಡು ಬರಲು ದಂಡೆಗೆ ಹೋದರು. ಮಧ್ಯಾಹ್ನ ಅತ್ತೆ ಕೂಸಿಗೆ ನೀರು ಎರೆಯುತ್ತಿದ್ದರು. ಹಿಂಡಿನ ನಾಯಿ ನೀರಿನ ಕಡೆ ಮುಖ ಮಾಡಿ ಬೊಗಳತೊಡಗಿತು. ಹೋಗಿ ನೋಡಿದೆ. ತಿಳಿಯಾಗಿದ್ದ ನೀರು ಕೆಂಪಗಾಗಿತ್ತು, ಮೇಲೆ ನೊರೆ, ಕಸಕಡ್ಡಿ. ನಾನು ನೋಡನೋಡುತ್ತ ನಿಂತಿದ್ದಂತೆಯೇ ಗಂಡ ಬೆಳಿಗ್ಗೆ ದಾಟಿದ ಜಾಗದ ಕಲ್ಲುಗಳು ಕಾಣದಾದವು. ಮುಗಿಲು ಸ್ವಚ್ಛವಾಗಿತ್ತು. ಬಿಸಿಲು ಸುಡುತ್ತಿತ್ತು.

"ಅತ್ತಿ, ಮಳಿನ ಇಲ್ಲ. ನೀರ ಎಲ್ಲಿಂದ ಬಂತ್ರಿ?"

"ಘಟ್ಟದ ಮ್ಯಾಲ ಹೊಡದೈತಿ. ಹೊಳಿಗೆ ನಮ್ಮ ಮುಗಿಲಿನ ಹಂಗಿಲ್ಲ," ಎಂದರು. ಕೂಸನ್ನು ನನ್ನ ಕೈಗೆ ಕೊಟ್ಟು, ಕಂಬಳಿ ಕಿತ್ತು ಹೆಗಲಿಗೆ ಹಾಕಿಕೊಂಡು, ಹಿಂಡನ್ನು ದಿಬ್ಬದ ಕಡೆ ತಿರುಗಿಸಿದರು.

ಸಂಜೆಯ ಹೊತ್ತಿಗೆ ನಮ್ಮ ಸುತ್ತ ಹೊಳೆ ಮಾತ್ರ ಇತ್ತು. ಆಚೆ ದಂಡೆಯಲ್ಲಿ ಜನ ಸೇರಿ ಬಟ್ಟೆ ಬೀಸುತ್ತಿದ್ದರು. ಅವರಲ್ಲಿ ನನ್ನ ಗಂಡ ಯಾರೆಂದು ಗುರುತು ಹತ್ತಲಿಲ್ಲ. ಕೂಗಿದರೆ ನೀರಿನ ಸದ್ದು ಮಾತನ್ನು ನಡುವೆಯೇ ನುಂಗುತ್ತಿತ್ತು.

"ನಿಮ್ಮ ಮಗ ಹೇಳಿದ್ರಲ್ಲ ದಾಟೂಣು ಅಂತ," ಎಂದಷ್ಟೇ ಅತ್ತೆಗೆ ಅಂದೆ.

"ಹೇಳಿದ್ದ," ಎಂದರು, ನನ್ನ ಕಡೆ ನೋಡದೆ. ಅವತ್ತಿನಿಂದ ನಡುಗಡ್ಡೆಯಲ್ಲಿ ಇರುವಷ್ಟು ದಿನವೂ ಅವರು ನನ್ನ ಜೊತೆ ಮಾತಾಡಿದರು, ಬೈದರು, ಉಣ್ಣಿಸಿದರು. ಮುಖ ಮಾತ್ರ ಕುರಿಯ ಕಡೆಗೋ ಒಲೆಯ ಕಡೆಗೋ ಇರುತ್ತಿತ್ತು.

ಎರಡು ದಿನಕ್ಕೆ ನನಗೆ ಚಳಿಜ್ವರ ಬಂತು. ಜ್ವರದ ತಾಪಕ್ಕೋ, ಅರ್ಧ ಹೊಟ್ಟೆಯ ಊಟಕ್ಕೋ, ಹೆದರಿಕೆಗೋ ಎದೆಹಾಲು ಬತ್ತಿತು. ಕೂಸು ಎಳೆದೆಳೆದು ಅಳುತ್ತಿತ್ತು, ಅದು ಅಳುವಾಗ ನಾನೂ ಅಳುತ್ತಿದ್ದೆ.

"ಅಂವಾ ಬರೂತನಾ ಬದುಕಿಸಬೇಕಲ್ಲ ಇದನ್ನ," ಎಂದು ಅತ್ತೆ ಎದ್ದರು. "ಹಿಂಡಿನ್ಯಾಗ ಹಾಲಿಗೇನು ಬರ ಇಲ್ಲ. ಆದ್ರ ಕುರಿ ಹಾಲು ಕೂಸಿಗೆ ಹಂಗ ಕೊಡಾಕ ಬರಾಂಗಿಲ್ಲ. ಆಕಳದ್ದಕ್ಕಿಂತ ಭಾಳ ಜಿಡ್ಡು. ಹೊಟ್ಟಿ ತಡಿಯಾಂಗಿಲ್ಲ."

ಅವರು ಮಾಡಿದ್ದು ಇಷ್ಟು. ಈಚೆಗೆ ಈದ ಕುರಿಗಳನ್ನು ಬೇರೆ ಮಾಡಿದರು. ಅವುಗಳಿಂದ ಮೊದಮೊದಲ ತೆಳು ಹಾಲನ್ನಷ್ಟೇ ಒಂದು ಚೊಂಬಿಗೆ ಹಿಡಿದರು. ಅದಕ್ಕೆ ನೀರು ಬೆರೆಸಿ, ಕುದಿಸಿ, ಆರಿಸಿ, ಮೇಲೆ ಕಟ್ಟಿದ ಕೆನೆ ತೆಗೆದು, ಅರಿವೆಯ ತುದಿ ಅದ್ದಿ ಕೂಸಿನ ಬಾಯಿಗಿಟ್ಟರು. ಆಮೇಲೆ ಮರಿಗಳನ್ನು ಬಿಟ್ಟರು. ಮರಿ ಕುಡಿದು ಬಿಟ್ಟ ಮೇಲೆ, ಈದು ಬಹಳ ದಿನವಾದ ಕುರಿಗಳ ಕೆಚ್ಚಲನ್ನು ಮತ್ತೆ ಜಗ್ಗಿ, ಕಡೆಯ ಹಾಲನ್ನು ಇನ್ನೊಂದು ಬಟ್ಟಲಿಗೆ ತೆಗೆದರು. ಅದು ಹಳದಿಯಲ್ಲ, ಅಚ್ಚ ಬಿಳಿ, ಬಟ್ಟಲಿನ ಅಂಚಿಗೆ ಅಂಟಿಕೊಳ್ಳುವಂಥದ್ದು. ಅದರಲ್ಲಿ ಜೋಳದ ನುಚ್ಚು ಕದಡಿ ನನ್ನ ಮುಂದೆ ಇಟ್ಟರು.

ನಾನು ಬಟ್ಟಲನ್ನು ಆಚೆ ಸರಿಸಿದೆ.

"ನನ್ನ ಮ್ಯಾಲಿನ ಸಿಟ್ಟು ನುಂಗಾಕತ್ತೀದಿ, ಹಾಲು ನುಂಗಾಕ ಏನ್ ಧಾಡಿ? ನುಂಗು. ನೀ ಮೇಯ್ದ್ರನ ನಿನ್ನ ಕೆಚ್ಚಲಕ್ಕ ಹಾಲು," ಎಂದರು. ನನಗೆ ಮೈಯೆಲ್ಲ ಉರಿಯಿತು. ಆದರೂ ಕುಡಿದೆ. ಸಿಟ್ಟಿಗೇ ಕುಡಿದೆ.

ಮೊದಲ ದಿನಗಳಲ್ಲಿ ಹುಲ್ಲು ಸಾಕಷ್ಟಿತ್ತು. ಕೂಸು ಕುಡಿದು ಮಲಗುತ್ತಿತ್ತು. ಆದರೆ ನೀರು ಏರಿದಂತೆ ಮೇಯುವ ಜಾಗ ಕಿರಿದಾಯಿತು. ನೂರರ ಹತ್ತಿರದ ಹಿಂಡು ಆ ದಿಬ್ಬವನ್ನು ಬೋಳಿಸಿಬಿಟ್ಟಿತು. ಅತ್ತೆ ಜಾಲಿ ಮರ ಹತ್ತಿ ಟೊಂಗೆ ಕಡಿದು ಹಾಕುತ್ತಿದ್ದರು, ಕೋಲಿನಿಂದ ಕಾಯಿ ಉದುರಿಸುತ್ತಿದ್ದರು. ದಿಬ್ಬಕ್ಕೆ ನಾವಷ್ಟೇ ಬಂದಿರಲಿಲ್ಲ. ಹಾವುಗಳೂ ಬಂದಿದ್ದವು. ಅವು ಬೇರಿನ ಸಂದಿಯಲ್ಲಿ ಸುಮ್ಮನೆ ಸುತ್ತಿಕೊಂಡು ಬಿದ್ದಿರುತ್ತಿದ್ದವು, ನಾವು ಸುತ್ತುಹಾಕಿ ನಡೆಯುತ್ತಿದ್ದೆವು. ಯಾರಿಗೂ ಹೋಗಲು ಬೇರೆ ಜಾಗವಿರಲಿಲ್ಲ. ಹಗಲೆಲ್ಲ ನಾನು ಮಾಡುತ್ತಿದ್ದ ಕೆಲಸವೆಂದರೆ ನೀರಿನ ಅಂಚಿಗೆ ಕಡ್ಡಿ ನೆಡುವುದು, ಅದು ಮುಳುಗಿತೇ ನೋಡುವುದು, ಇನ್ನಷ್ಟು ಮೇಲೆ ಮತ್ತೊಂದು ನೆಡುವುದು.

"ಕಡ್ಡಿ ನೆಟ್ರ ಹೊಳಿ ನಿಲ್ಲತೈತೇನು?" ಎಂದರು ಒಮ್ಮೆ.

"ಮತ್ತೇನ್ ಮಾಡ್ಲಿ?" ಎಂದು ಚೀರಿದೆ.

ಅವರು ಕೊಡಲಿ ಎತ್ತಿಕೊಂಡು ಮರದ ಕಡೆ ಹೋದರು.

ಹುಲ್ಲು ಮುಗಿದ ಮೇಲೆ ಹಾಲು ಇಳಿಯಿತು. ಇಳಿದದ್ದು ಸಹಜ. ನನಗೆ ಆಶ್ಚರ್ಯವಾದದ್ದು, ಅದು ಎಂದೂ ಇಲ್ಲದಷ್ಟು ದಪ್ಪವಾದದ್ದು. ಹೊಸದಾಗಿ ಈದವುಗಳ ಮೊದಲ ಹಾಲು ಕೂಡ ಉಗುರಿನ ಮೇಲೆ ನಿಲ್ಲುತ್ತಿತ್ತು. ಕೆನೆ ನೋಡಿ ನನಗೆ ಸಮಾಧಾನವಾಯಿತು. ಜಾಲಿಕಾಯಿ ಒಳ್ಳೆಯ ಮೇವು ಅಂದುಕೊಂಡೆ.

"ಛಲೋ ಆತಲ್ರಿ ಅತ್ತಿ, ಗಟ್ಟಿ ಹಾಲು."

ಅತ್ತೆ ಒಂದು ಕುರಿಯ ಬೆನ್ನ ಮೇಲೆ ನನ್ನ ಕೈ ಎಳೆದಿಟ್ಟರು. ಉಣ್ಣೆಯ ಕೆಳಗೆ ಬೆನ್ನೆಲುಬು ಗರಗಸದ ಹಲ್ಲಿನ ಹಾಗೆ ತಾಗಿತು.

"ಮೇವಿನ ಜಿಡ್ಡಲ್ಲ ಇದು ಯವ್ವಾ. ಅವು ತಮ್ಮ ಮೈ ಕರಗಿಸಿ ಕೊಡಾಕತ್ತಾವ. ಇನ್ನ ಭಾಳ ದಿನಾ ಕೊಡಾಂಗಿಲ್ಲ."

ಅದೇ ದಿನ ಕೂಸಿಗೆ ಭೇದಿ ಹತ್ತಿತು. ನೀರು ಎಷ್ಟು ಬೆರೆಸಿದರೂ ನಿಲ್ಲಲಿಲ್ಲ. ಮರುದಿನ ಅದು ಅಳುವುದನ್ನೇ ನಿಲ್ಲಿಸಿತು. ಕಣ್ಣು ಅರೆತೆರೆದು, ತುಟಿ ಒಣಗಿ, ನನ್ನ ತೊಡೆಯ ಮೇಲೆ ಅರಿವೆಯ ಹಾಗೆ ಬಿದ್ದಿತ್ತು. ನಾನು ಅತ್ತೆಯನ್ನು ನೋಡಿದೆ. ಬಾಯಿ ತೆರೆಯಲಿಲ್ಲ, ನೋಡಿದೆ ಅಷ್ಟೇ. ಅವರು ತಕ್ಷಣ ಎದ್ದು ಹಿಂಡಿನೊಳಗೆ ಹೋದರು.

ಹಿಂದಿನ ವಾರ ದಿಬ್ಬದ ಮೇಲೆಯೇ ಒಂದು ಎಳೆಯ ಕುರಿ ಈದಿತ್ತು. ಇಡೀ ಹಿಂಡಿನಲ್ಲಿ ಇನ್ನೂ ತುಸು ತೆಳು ಹಾಲಿದ್ದದ್ದು ಅದರಲ್ಲೇ. ಆದರೆ ಅದು ಒಂದು ಮರಿಗೆ ಸಾಲುವಷ್ಟು ಮಾತ್ರ. ಮರಿ ಕುಡಿದರೆ ಕೂಸಿಗಿಲ್ಲ. ಅತ್ತೆ ಮರಿಯನ್ನು ಎತ್ತಿಕೊಂಡು, ಮರಿ ಸತ್ತಿದ್ದ ಒಂದು ದೊಡ್ಡ ಕುರಿಯ ಹತ್ತಿರ ಒಯ್ದರು. ಆ ಕುರಿಯದ್ದು ಗಟ್ಟಿ ಹಾಲು. ಮರಿಯ ಹೊಟ್ಟೆ ಅದನ್ನು ತಡೆಯುತ್ತಿತ್ತು, ಕೂಸಿನದ್ದು ತಡೆಯುತ್ತಿರಲಿಲ್ಲ. ಕುರಿ ಮೂಸಿ ನೋಡಿ ಗುದ್ದಿತು. ಅತ್ತೆ ಅದರದ್ದೇ ಹಾಲು ಹಿಂಡಿ ಮರಿಯ ಮೈಗೆಲ್ಲ ಸವರಿದರು. ಮತ್ತೆ ಗುದ್ದಿತು. ಆಗ ಅವರು ಕುರಿಯ ಕುತ್ತಿಗೆಯನ್ನು ತೋಳಲ್ಲಿ ಅವುಚಿಕೊಂಡು ನೆಲಕ್ಕೆ ಕೂತರು. "ತಗೋ ತಾಯಿ. ನಿನ್ನದ ಅನ್ಕೊ. ಒಂದ ಸಲ ಅನ್ಕೊ," ಎಂದು ಅದರ ಕಿವಿಯಲ್ಲಿ ಹೇಳುತ್ತಲೇ ಇದ್ದರು. ಬಿಸಿಲು ಇಳಿಯುವವರೆಗೂ ಕದಲಲಿಲ್ಲ. ಕಡೆಗೆ ಕುರಿ ನೆಕ್ಕತೊಡಗಿತು. ಮರಿ ಮೊಣಕಾಲೂರಿ ಬಾಯಿ ಹಾಕಿತು.

ಆ ಎಳೆಯ ಕುರಿಯ ತೆಳು ಹಾಲು, ಅದಕ್ಕೆ ಮೂರು ಪಾಲು ಕುದಿಸಿದ ನೀರು, ಚಿಟಿಕೆ ಉಪ್ಪು. ಗುಟುಕು ಗುಟುಕಾಗಿ ಹಾಕಿದೆವು. ಕೂಸು ಮತ್ತೆ ಅಳತೊಡಗಿದಾಗ ನನಗೆ ಜೀವ ಬಂತು. ಭೇದಿ ಪೂರ್ತಿ ನಿಂತಿರಲಿಲ್ಲ. ಆದರೆ ಅದು ಅಳುತ್ತಿತ್ತು.

ನೀರು ಸ್ವಲ್ಪ ಇಳಿದ ಒಂದು ಬೆಳಿಗ್ಗೆ ತೆಪ್ಪ ಬಂತು. ಬುಟ್ಟಿಯಂಥ ಸಣ್ಣ ತೆಪ್ಪ, ಹುಟ್ಟು ಹಾಕುವವನು ಒಬ್ಬನೇ ಅಂಬಿಗ. ಸೆಳವು ಅವನನ್ನು ಎಷ್ಟೋ ಕೆಳಗೆ ಎಳೆದಿತ್ತು. ಅಂಚಿನ ಗಿಡ ಹಿಡಿದು ಮೇಲೆ ಬಂದ.

"ಲಗೂ ಹತ್ರಿ," ಎಂದ. "ಮ್ಯಾಲ ಮತ್ತ ಮಳಿ ಆಗೈತಂತ. ಮಧ್ಯಾಹ್ನದಾಗ ಹೊಳಿ ಮತ್ತ ಏರತೈತಿ."

"ಅವರೆಲ್ಲಿ?" ಎಂದೆ.

"ನಿನ್ನ ಗಂಡ ಮೊದಲನೇ ದಿನಾನ ಈಸಿ ಬರಾಕ ಹೋಗ್ಯಾನವ್ವ. ಬಂಡಿಗಲ್ಲಿಗೆ ಬಡದು ಕಾಲು ಮುರದೈತಿ. ಜೀವಕ್ಕೇನಿಲ್ಲ. ದಂಡಿಮ್ಯಾಲ ಮಲಗ್ಯಾನ, ಊರಿಗೆ ಒಯ್ತೇವಂದ್ರ ಒಲ್ಲೆ ಅಂತಾನ."

ನಾನು ಕೂಸನ್ನು ಕಟ್ಟಿಕೊಂಡು ತೆಪ್ಪದಲ್ಲಿ ಕೂತೆ. ಅತ್ತೆ ಬರಲಿಲ್ಲ.

"ಬಾ ಯಕ್ಕಾ," ಎಂದ ಅಂಬಿಗ. "ನಿನಗೂ ಜಾಗಾ ಐತಿ."

"ಕುರಿ?"

"ಕುರಿ ಎಲ್ಲಿ ತುಂಬಲಿ ಇದರಾಗ? ಜೀವ ಉಳದ್ರ ಮತ್ತ ಕುರಿ ಮಾಡಬೌದು."

"ಇವು ಕೂಸಿಗೆ ಹಾಲು ಕೊಟ್ಟಾವ. ಬಿಟ್ಟು ಬರಾಂಗಿಲ್ಲ."

"ಅತ್ತಿ, ಬರ್ರಿ," ಎಂದೆ. ನಿಜಕ್ಕೂ ಕರೆದೆ. ಅವರು ಬಂದು ಕೂಸಿನ ತಲೆಯ ಮೇಲೆ ಕೈ ಇಟ್ಟು, "ಮೂರು ಪಾಲು ನೀರು, ಮರೀಬ್ಯಾಡ. ಊರಾಗ ಆಕಳ ಹಾಲು ಸಿಕ್ಕರ ಎರಡು ಪಾಲು," ಎಂದರು. ಆಮೇಲೆ ಕಾಲಿನಿಂದ ತೆಪ್ಪವನ್ನು ತಳ್ಳಿದರು. ಅಂಬಿಗ ಬೈಯುತ್ತ ಹುಟ್ಟು ಹಾಕಿದ. ನಾನು ತಿರುಗಿ ನೋಡುವಷ್ಟರಲ್ಲಿ ಅವರು ಬೆನ್ನು ತಿರುಗಿಸಿ ದಿಬ್ಬ ಹತ್ತುತ್ತಿದ್ದರು.

ಅವನು ಹೇಳಿದಂತೆಯೇ ಹೊಳೆ ಮತ್ತೆ ಏರಿತು. ತೆಪ್ಪ ಹಾಕುವ ಧೈರ್ಯ ಯಾರಿಗೂ ಆಗಲಿಲ್ಲ. ನಮ್ಮ ಮನೆಯ ಕೀಲಿ ತೆಗೆಸಿ, ಗಂಡನನ್ನು ಒಳಗೆ ಮಲಗಿಸಿ, ನಾನು ಬಾಗಿಲು ಹಾಕಿಕೊಂಡೆ. ವರ್ಷದಿಂದ ಬಯಸಿದ ಬಾಗಿಲು. ಅದನ್ನು ಹಾಕಿಕೊಂಡರೆ ಉಸಿರು ಕಟ್ಟುತ್ತಿತ್ತು. ತೆಗೆದು ಹೊಸ್ತಿಲ ಮೇಲೆ ಬಂದು ಕೂರುತ್ತಿದ್ದೆ. ಜನ ದಿನಾ ದಂಡೆಗೆ ಹೋಗಿ ಬಂದು ಹೇಳುತ್ತಿದ್ದರು: ಹೊಗೆ ಕಾಣ್ತು. ಇನ್ನೊಂದು ದಿನ: ಹೊಗೆ ಕಾಣಲಿಲ್ಲ. ಹೊಗೆ ಕಾಣದ ದಿನ ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿದರು, ಒಂದು ತುತ್ತೂ ಉಣ್ಣಲಿಲ್ಲ.

ಇಷ್ಟರಲ್ಲಿ ಕೂಸಿನ ಹೊಟ್ಟೆ ಸರಿಯಾಯಿತು. ನನ್ನ ಎದೆಗೂ ಹಾಲು ತಿರುಗಿ ಬಂತು. ಬಂದ ದಿನ ನನಗೆ ಸಂತೋಷವಾಗಬೇಕಿತ್ತು. ನಾನು ನಡುಗಡ್ಡೆಯ ಆ ಬಟ್ಟಲನ್ನು ನೆನೆದು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ.

ಹೊಳೆ ಇಳಿದ ಮೇಲೆ ಅತ್ತೆ ಹಿಂಡು ಹೊಡೆದುಕೊಂಡು ಬಂದರು. ಊರಿನವರೆಲ್ಲ ಊರಬಾಗಿಲ ಅಗಸಿಯಲ್ಲಿ ನಿಂತಿದ್ದರು. ಮೂರರಲ್ಲಿ ಒಂದು ಪಾಲು ಕುರಿ ಹೋಗಿದ್ದವು, ಉಳಿದವು ನಡೆಯುವ ಉಣ್ಣೆಯ ಗಂಟಿನ ಹಾಗಿದ್ದವು. ಅತ್ತೆಯ ಕೆನ್ನೆ ಒಳಗೆ ಹೋಗಿತ್ತು. ನೀರಿನಲ್ಲೇ ನಿಂತು ನಿಂತು ಮೊಣಕಾಲು ಬಾತಿದ್ದವು. ಕಡೆಕಡೆಯ ದಿನಗಳಲ್ಲಿ ದಿಬ್ಬದ ಮೇಲೂ ನೀರು ಬಂದು, ಮರಿಗಳನ್ನು ಮರದ ಕವಲಿಗೆ ಕಂಬಳಿ ಕಟ್ಟಿ ಕೂರಿಸಿ, ತಾವು ಕೆಳಗೆ ನಿಂತಿದ್ದರಂತೆ. ಇದನ್ನು ಅವರು ಹೇಳಿದ್ದು ಎಷ್ಟೋ ತಿಂಗಳ ಮೇಲೆ, ಅದೂ ಯಾರೋ ಕೆದಕಿ ಕೇಳಿದಾಗ. ಅವತ್ತು ಕೇಳಿದ್ದು ಒಂದೇ ಮಾತು.

"ಕೂಸಿನ ಭೇದಿ ನಿಂತೈತೇನು?"

"ನಿಂತೈತ್ರಿ."

"ಛಲೋ ಆತು," ಎಂದು ಜಗಲಿಯ ಮೇಲೆ ಕೂತು ಅಲ್ಲೇ ನಿದ್ದೆ ಹೋದರು.

ಊರು ಅವರನ್ನು ಹೊತ್ತು ಮೆರೆಸಿತು. ಕುರಿಗಾಗಿ ಜೀವ ಒತ್ತೆ ಇಟ್ಟ ತಾಯಿ ಎಂದರು. ಎಲ್ಲಿ ಕುರಿ ತರುಬಿದರೂ ಆ ಕತೆ ಅವರಿಗಿಂತ ಮುಂಚೆ ಅಲ್ಲಿ ಹೋಗಿ ಮುಟ್ಟಿರುತ್ತಿತ್ತು. ಅತ್ತೆ ಅದು ಶುರುವಾದರೆ ಎದ್ದು ಹೋಗುತ್ತಿದ್ದರು. ನಾಚಿಕೆ ಎಂದು ಜನ ಇನ್ನಷ್ಟು ಹೊಗಳುತ್ತಿದ್ದರು.

ಗಂಡನ ಕಾಲು ಕೂಡಿದ ಮೇಲೆ ಮತ್ತೆ ಹಿಂಡು ಹೊರಡುವ ದಿನ ಬಂತು. ನಾನು ಗಂಟು ಕಟ್ಟುತ್ತಿದ್ದೆ. ಅತ್ತೆ ಗಂಟು ಬಿಚ್ಚಿದರು.

"ಈಕಿ ಬರಾಕಿ ಅಲ್ಲ," ಎಂದರು ಮಗನಿಗೆ. "ಮುಲ್ಕಿ ಪಾಸಾಗ್ಯಾಳ. ಊರಾಗ ಬಾಲವಾಡಿ ತಗೀತಾರಂತ, ಹೋಗಿ ಕೇಳ್ಲಿ. ಕೂಸು ಸಾಲಿಗೆ ಹೋಗ್ಬೇಕು."

"ನಿನಗ ಕೈಗೆ ಯಾರು?" ಎಂದರು ನನ್ನ ಗಂಡ.

"ಈಕಿ ಬರೂಕಿಂತ ಮೊದಲ ಯಾರಿದ್ರು?"

ನಾನು ಚಿಕ್ಕ ಮಕ್ಕಳಿಗೆ ಕಲಿಸುವ ಬಾಲವಾಡಿಯ ಅಕ್ಕೋರಾದೆ. ಹಿಂಡು ಊರ ಹತ್ತಿರ ಬಂದಾಗ ಅತ್ತೆ ಮನೆಗೆ ಬಂದು ಜಗಲಿಯಲ್ಲಿ ಇದ್ದು ಹೋಗುತ್ತಿದ್ದರು. ಅಂಥ ಒಂದು ದಿನ ಕುರಿಗಳ ಕಾಲುಬೇನೆ ನೋಡಲು ಮುದ್ದೇಬಿಹಾಳದಿಂದ ದನದ ಡಾಕ್ಟರು ಬಂದಿದ್ದರು. ಅತ್ತೆಗೆ ಮಗನ ವಯಸ್ಸಿನವರು, ಆದರೆ ಕುರಿಯನ್ನು ಪ್ರೀತಿಯಿಂದ ಹಿಡಿಯುತ್ತಿದ್ದರು. ಸಂಜೆಯ ಹಾಲು ಮುಂಜಾನೆಯದಕ್ಕಿಂತ ದಪ್ಪ ಇರುವುದು ಸೂರ್ಯನಿಂದ, ಬಿಸಿಲು ಕುರಿಯೊಳಗಿನ ನೀರು ಹೀರುತ್ತದೆ ಎಂದು ಅತ್ತೆ ಅವರಿಗೆ ಹೇಳಿದರು.

"ಹಂಗಲ್ಲಬೇ ಆಯಿ," ಎಂದರು ಡಾಕ್ಟರು. "ಸಂಜಿಕ ಹಿಂಡಿದ ಮ್ಯಾಲ ಮುಂಜಾನಿ ಮಟಾ ಭಾಳ ಹೊತ್ತು. ಮುಂಜಾನಿಯಿಂದ ಸಂಜಿ ಮಟಾ ಕಡಿಮಿ ಹೊತ್ತು. ಹೊತ್ತು ಕಡಿಮಿ ಆದ್ರ ಹಾಲು ಕಡಿಮಿ, ಜಿಡ್ಡು ಜಾಸ್ತಿ. ಎರಡೂ ಹೊತ್ತು ಸರಿಸಮ ಇಟ್ಟು ಹಿಂಡಿ ನೋಡು."

ಅತ್ತೆ ನೋಡಿದರು. ವಾರವಿಡೀ ಉಗುರು ಓರೆ ಮಾಡಿ ಮಾಡಿ ನೋಡಿದರು. "ಖರೇನ ಐತಿ! ಇಷ್ಟ ವರ್ಷ ಸೂರ್ಯಾಗ ಪುಕ್ಕಟೆ ಪುಣ್ಯಾ ಕಟ್ಟಿದ್ನಲ್ಲ," ಎಂದು ಬಾಯ್ತುಂಬ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊಣಕಾಲು ಮಾತ್ರ ಸರಿಹೋಗಲಿಲ್ಲ. ದಶಕ ಮುಗಿಯುವ ಹೊತ್ತಿಗೆ ಅವರು ನಡೆಯುವುದೇ ನಿಂತಿತು. ಹಿಂಡು ಮಗನ ಜೊತೆ ಹೋಯಿತು, ಅವರು ನನ್ನ ಮನೆಗೆ ಬಂದರು. ನನಗೆ ಸ್ವರ್ಗವಾಗಿದ್ದ ಆ ಎರಡು ಖೋಲಿಯ ಮನೆ ಅವರಿಗೆ ಸೆರೆಮನೆ. "ಈ ಗ್ವಾಡಿ ಅದಾವಲ್ಲ, ನನ್ನ ಉಸಿರು ಕುಡೀತಾವ," ಎನ್ನುತ್ತಿದ್ದರು. ಪಡಸಾಲೆಗೆ ಹಾಸಿಗೆ ತಂದೆ. ಸಾಲದು ಎಂದರು. ಜಗಲಿಗೆ ತಂದೆ. ಅಲ್ಲಿಂದ ಅಂಗಳದ ಬೇವಿನ ಗಿಡದ ಕೆಳಗೆ. ಊರ ಹೆಂಗಸರು ನನ್ನನ್ನು ಬೈದುಕೊಂಡರು, ಅತ್ತೆಯನ್ನು ಹೊರಗೆ ಹಾಕಿದ್ದಾಳೆ ಎಂದು. ನಾನು ಹಾಸಿಗೆ ಒಳಗೆ ತರಲಿಲ್ಲ. ಏಳಲಾಗದೆ, ದಾಟಲಾಗದೆ ಒಂದೇ ಜಾಗದಲ್ಲಿ ಉಳಿಯುವುದು ಎಂದರೇನೆಂದು ನನಗೆ ಗೊತ್ತಿತ್ತು. ನನಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಒಂದು ಮಧ್ಯಾಹ್ನ ತಲೆ ಬಾಚುತ್ತ ಕೇಳಿದೆ. "ಅವತ್ತ ತೆಪ್ಪದಾಗ ಯಾಕ ಬರ್ಲಿಲ್ರಿ ಅತ್ತಿ?"

"ಊರೆಲ್ಲಾ ಹೇಳ್ತೈತಲ್ಲ, ಕುರಿ ಸಲುವಾಗಿ ಅಂತ."

"ನೀವು ಹೇಳ್ರಿ."

ಬೇವಿನ ಹಣ್ಣು ಹಾಸಿಗೆಯ ಮೇಲೆ ಬೀಳುತ್ತಿದ್ದವು, ಅತ್ತೆ ಒಂದೊಂದನ್ನೇ ಆರಿಸಿ ಕೆಳಗೆ ಹಾಕುತ್ತಿದ್ದರು.

"ಕುರಿ ಸಲುವಾಗಿ ಅಲ್ಲ," ಎಂದರು. "ಕುರಿ ಹೋಗಿದ್ರ ಹೋಗ್ತಿದ್ವು. ನಿಮ್ಮನ್ನ ಅಲ್ಲಿ ಇಟ್ಟಾಕಿ ನಾನು. ನಿನ್ನ ಕೂಸು ಸಾಯಾಕತ್ತಿತ್ತು. ತೆಪ್ಪಂದ್ರ ಎಷ್ಟ ಜಾಗಾ? ಮಾರಿಗೆ ಮಾರಿ ಕೊಟ್ಟು ಕುಂಡರಬೇಕು. ನಡುಹೊಳ್ಯಾಗ ಅದಕ್ಕ ಏನರ ಆಗಿದ್ರ ನೀ ಏನೂ ಅಂತಿದ್ದಿಲ್ಲ. ಸುಮ್ಮ ನನ್ನ ನೋಡ್ತಿದ್ದಿ. ಅದಕ್ಕ ಅಂಜಿದ್ನಿ. ಹೊಳಿಗೆ ಅಂಜಲಿಲ್ಲ."

ಆ ಎಲ್ಲ ವರ್ಷ ಹೊಗಳಿಕೆ ಶುರುವಾದರೆ ಅವರು ಎದ್ದು ಹೋಗುತ್ತಿದ್ದದ್ದು ಯಾಕೆಂದು ಆಗ ತಿಳಿಯಿತು. ನಾನು ಹಿಂದಿನಿಂದ ಎದ್ದು ಬಂದು ಅವರ ಎದುರಿಗೆ ಕೂತೆ.

"ಈಗ ನೋಡ್ರಿ ಅತ್ತಿ," ಎಂದೆ.

ಅವರು ತಲೆ ಎತ್ತಿ ನೋಡಿದರು. ಕಣ್ಣು ಮಂಜಾಗಿದ್ದವು, ಹತ್ತಿರ ಸರಿದು ನೋಡಿದರು. ನನ್ನ ಗದ್ದ ಹಿಡಿದು ಆಚೆ ಈಚೆ ತಿರುಗಿಸಿ, ಸಂತೆಯಲ್ಲಿ ಕುರಿ ನೋಡುವವರ ಹಾಗೆ ನಿಧಾನವಾಗಿ ನೋಡಿದರು.

"ದಪ್ಪಾಗೀದಿ," ಎಂದರು.

ನಾವಿಬ್ಬರೂ ನಕ್ಕೆವು. ಆಮೇಲೆ ಅವರು ಅತ್ತರು, ನಾನು ತಡೆಯಲಿಲ್ಲ.

ಆ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು, ಹಗಲು ಹೊತ್ತಿನಲ್ಲಿ, ಅಂಗಳದಲ್ಲಿ. ಮಗ ಮೋರಟಗಿ ಕಡೆಯಿಂದ ಹಿಂಡು ಬಿಟ್ಟು ಓಡಿ ಬರುವವರೆಗೆ ಕಾದು ಮಣ್ಣು ಮಾಡಿದೆವು. ಅಲ್ಲಿಯವರೆಗೆ ಒಳಗೆ ಒಯ್ದು ಮಲಗಿಸಿ ಎಂದು ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಆಗ ಎರಡನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಸಾಲೆಯಿಂದ ಓಡಿ ಬಂದು, ಪಾಟಿಚೀಲ ಹೆಗಲಲ್ಲಿಟ್ಟುಕೊಂಡೇ ಅವರ ಪಕ್ಕ ಕೂತಳು. ಮಣ್ಣು ಮಾಡಿ ಎಲ್ಲರೂ ಹೋದ ಮೇಲೂ ಆ ಬೇವಿನ ಕೆಳಗೆ ಕೂತೇ ಇದ್ದಳು.